ಕೊಟ್ಟ ಕ್ಯಾನುಗಳನ್ನು ವಾಪಸು ಕೇಳುವ ಅಕ್ಕು

ಬೆಳಗಿನ ಜಾವ ಐದೂಮುಕ್ಕಾಲು. ಪಡುಗೇರಿಯ ಕಡೆಯ ಮನೆಯ ಹಿತ್ತಲಲ್ಲಿ, ತೆಂಗಿನ ಮರಕ್ಕೆ ಕಟ್ಟಿದ ಬಲ್ಬಿನ ಕೆಳಗೆ ಅಕ್ಕು ಕುಳಿತಿದ್ದಾರೆ. ಎರಡೂ ಕೈಗೆ ಮೊಣಕೈವರೆಗೆ ಬರುವ ರಬ್ಬರ್ ಗವಸು. ಮೀನು ಕತ್ತರಿಸುವ ಶೆಡ್ಡುಗಳಲ್ಲಿ ಹೆಂಗಸರು ಹಾಕಿಕೊಳ್ಳುವಂಥದ್ದು. ಪಕ್ಕದಲ್ಲಿ ಖಾಲಿ ಪ್ಲಾಸ್ಟಿಕ್ ಕ್ಯಾನುಗಳ ಸಣ್ಣ ರಾಶಿ. ಅವರು ಒಂದು ಕ್ಯಾನನ್ನು ಕಲ್ಲಿನ ಮೇಲೆ ಮಲಗಿಸುತ್ತಾರೆ. ದಪ್ಪ ಮೊಳೆಯ ತುದಿಯನ್ನು ಅದರ ಹೊಟ್ಟೆಗೆ ಒತ್ತಿ ಹಿಡಿದು ಗುಂಡುಕಲ್ಲಿನಿಂದ ಹೊಡೆಯುತ್ತಾರೆ. ಒಂದು ಕ್ಯಾನಿಗೆ ನಾಲ್ಕು ತೂತು: ಎರಡು ಹೊಟ್ಟೆಗೆ, ಒಂದು ತಳಕ್ಕೆ, ಒಂದು ಹಿಡಿಕೆಯ ಬುಡಕ್ಕೆ. ಬೆಳಕಿಗೆ ಎತ್ತಿ ಹಿಡಿದು ನೋಡಿ, ತೂತು ಸಣ್ಣದೆನಿಸಿದರೆ ಮತ್ತೆ ಮೊಳೆ ತಿರುವುತ್ತಾರೆ.

ಗಂಡ ನಾಗ ಚಹಾದ ಲೋಟ ತಂದು ದೂರದ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾರೆ. ಹತ್ತಿರ ತರಬಾರದೆಂದು ಅಕ್ಕು ಯಾವತ್ತೋ ಹೇಳಿರಬೇಕು. ಹನ್ನೊಂದು ಕ್ಯಾನು ಮುಗಿದಾಗ ಅವನ್ನು ಹಳೆಯ ಬಲೆಯ ಹಗ್ಗಕ್ಕೆ ಪೋಣಿಸಿ ಹಿತ್ತಲ ಶೆಡ್ಡಿನೊಳಗೆ ತೂಗುಹಾಕುತ್ತಾರೆ. ಗವಸನ್ನು ಒಳಮೈ ಹೊರಗಾಗುವಂತೆ ಕಳಚಿ, ಸೋಪು ಹಚ್ಚಿ ಮೂರು ಸಲ ಕೈ ತೊಳೆಯುತ್ತಾರೆ. ಆಮೇಲೆ ಆರಿದ ಚಹಾ. ಆರೂವರೆಗೆ ಗಂಗೊಳ್ಳಿ ಬಂದರಿಗೆ ಹೋಗುವ ರಿಕ್ಷಾ ಬರುತ್ತದೆ.

ಇವು ಗದ್ದೆಗೆ ಬಿಡುವ ಕೀಟನಾಶಕ, ಕಳೆನಾಶಕಗಳ ಕ್ಯಾನುಗಳು. ಈ ಕಡೆ ಎಲ್ಲರೂ ಅದನ್ನು ಮದ್ದು ಎಂದೇ ಕರೆಯುವುದು. ಅಕ್ಕುವಿಗೆ ಒಂದು ಸೆಂಟ್ಸ್ ಗದ್ದೆಯೂ ಇಲ್ಲ. ಅವರು ಯಾವತ್ತೂ ಮದ್ದಿನ ಪಂಪು ಬೆನ್ನಿಗೆ ಏರಿಸಿದವರಲ್ಲ. ಅರವತ್ತೊಂದು ವರ್ಷದ ಅವರು ಮೂವತ್ತನಾಲ್ಕು ವರ್ಷಗಳಿಂದ ಮೀನು ಮಾರುತ್ತಿದ್ದಾರೆ, ಅಷ್ಟೇ. ಕ್ಯಾನು ಕೂಡಿಸಿ ತೂತು ಮಾಡಿ ಎಂದು ಪಂಚಾಯಿತಿಯವರು ಹೇಳಿಲ್ಲ, ಯಾವ ಸಂಘದವರೂ ಹೇಳಿಲ್ಲ. ಕೇಳಿದರೆ ಅವರು ಕೊಡುವ ಉತ್ತರ ಸಣ್ಣದು. “ತೂತ್ ಮಾಡಿರೆ ಯಾರೂ ಅದ್ರಲ್ಲಿ ಮತ್ತೆ ಎಂತದೂ ತುಂಬ್ಸುದಿಲ್ಲ ಅಲ್ದಾ? ಅದ್ಕೆ.”

ಪಡುಗೇರಿಯ ಮನೆಗಳಿಗೆ ಇಂಥ ನಲವತ್ಮೂರು ಕ್ಯಾನುಗಳನ್ನು ತಂದು ಹಂಚಿದವರು ಅವರೇ. ಅದರಲ್ಲಿ ಮೂವತ್ತೇಳನ್ನು ಎರಡು ವರ್ಷಗಳಲ್ಲಿ ವಾಪಸು ಇಸಿದುಕೊಂಡಿದ್ದಾರೆ. ಇನ್ನು ಆರು ಬರಬೇಕು. ಆದರೆ ಆ ಆರಕ್ಕಿಂತ ಭಾರವಾದದ್ದು ಇನ್ನೊಂದಿದೆ. ಹೆದ್ದಾರಿಯ ಆಚೆ, ಮೂಡುಬಯಲಿನ ಒಂದು ಮನೆಯಲ್ಲಿ, ಒಬ್ಬ ಸೊಸೆ ಈಗಲೂ ಬರಿಗೈಯಲ್ಲಿ ಮದ್ದಿನ ಕ್ಯಾನು ತೊಳೆಯುತ್ತಾಳೆ, ಅಕ್ಕುವಿಗೆ ಕೊಡಲೆಂದೇ. ತೊಳೆಯಬೇಡ ಎನ್ನುವ ಒಂದು ಮಾತು ಹತ್ತು ತಿಂಗಳಿಂದ ಅಕ್ಕುವಿನ ಬಾಯಿಂದ ಹೊರಟಿಲ್ಲ.

ಪಡುಗೇರಿ ಕಡಲ ಬದಿಯ ಮೀನುಗಾರರ ಕೇರಿ, ಮೂವತ್ತೆರಡು ಮನೆ. ಹೆದ್ದಾರಿ ದಾಟಿ ಮೂಡಕ್ಕೆ ಎರಡು ಕಿಲೋಮೀಟರ್ ನಡೆದರೆ ಮೂಡುಬಯಲು. ಮಳೆಗಾಲದಲ್ಲಿ ಭತ್ತ, ಭತ್ತ ಕೊಯ್ದ ಮೇಲೆ ಬಚ್ಚಂಗಾಯಿ, ಎಂದರೆ ಕಲ್ಲಂಗಡಿ. ಅದರ ಬದಿಗೆ ಅಲಸಂಡೆ, ಹೀರೆ. ಅಕ್ಕು ಬಂದರಿನಿಂದ ಹದಿನೆಂಟು ಇಪ್ಪತ್ತು ಕಿಲೋ ಮೀನು ತಂದು, ದಿನಕ್ಕೆ ಒಂಬತ್ತು ಕಿಲೋಮೀಟರ್ ನಡೆದು, ನಲವತ್ತು ಮನೆಯ ಅಂಗಳಕ್ಕೆ ಹೋಗುತ್ತಾರೆ. ಈಗ ಬೈಕಿನಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಬರುವವರಿದ್ದಾರೆ. ಆದರೂ ಮೂಡುಬಯಲಿನ ಹೆಂಗಸರು ಕಾಯುವುದು ಅಕ್ಕುವಿನ ಕೂಗಿಗೆ. ಬೈಕಿನವನು ಮೀನು ಕೊಟ್ಟು ಹೋಗುತ್ತಾನೆ. ಅಕ್ಕು ಯಾರ ಮನೆಯ ದನ ಕರು ಹಾಕಿತು, ಯಾರ ಮಗಳು ತವರಿಗೆ ಬಂದಿದ್ದಾಳೆ ಎಂದು ಹೇಳಿ, ಕೇಳಿ, ಮೇಲೆ ಒಂದು ಬೈಗೆ ಮೀನು ಹೆಚ್ಚಿಗೆ ಹಾಕಿ ಹೋಗುತ್ತಾರೆ.

ಕ್ಯಾನಿನ ಸಂಗತಿ ಶುರುವಾದದ್ದು ಹದಿನೆಂಟು ವರ್ಷದ ಹಿಂದೆ. ನಾಗ ಆಗ ಸಣ್ಣ ದೋಣಿಯಲ್ಲಿ ಬಲೆ ಬಿಡುತ್ತಿದ್ದರು. ಬಲೆ ತೇಲಲು ಕಟ್ಟುವ ಬೆಂಡು ಮಳೆಗಾಲ ಕಳೆದು ನೋಡಿದರೆ ಅರ್ಧಕ್ಕರ್ಧ ಹಾಳಾಗಿರುತ್ತಿತ್ತು. ಮೂಡುಬಯಲಿನ ರತ್ನ ಎಂಬವರ ಮನೆಯ ಬೇಲಿಗೂಟಕ್ಕೆ ಬೋರಲು ಹಾಕಿದ ಒಂದು ಕ್ಯಾನು ಅಕ್ಕುವಿನ ಕಣ್ಣಿಗೆ ಬಿತ್ತು. ದಪ್ಪ ಪ್ಲಾಸ್ಟಿಕ್, ಬಿಗಿ ಮುಚ್ಚಳ. ಇದನ್ನು ಕೊಡುತ್ತೀರಾ ಎಂದು ಕೇಳಿದರು. ರತ್ನ ನಕ್ಕರು. “ಎರಡ್ ಬಂಗ್ಡೆ ಹೆಚ್ಚಿಗೆ ಹಾಕಿ, ಬೇಲಿ ಸಮೇತ ತಕಂಡ್ ಹೋಯ್ನಿ.”

ಅಂದಿನಿಂದ ಅದೊಂದು ರೂಢಿಯಾಯಿತು. ಒಂದು ಕ್ಯಾನಿಗೆ ಎರಡು ಬಂಗಡೆ. ಮೀನು ಖಾಲಿಯಾದ ಬುಟ್ಟಿಯಲ್ಲಿ ಕ್ಯಾನು ಪಡುಗೇರಿಗೆ ಬರುತ್ತಿತ್ತು. ಬೆಂಡಾಗಿ ಕಡಲಿಗೆ ಹೋದದ್ದಕ್ಕೆ ಲೆಕ್ಕವಿಲ್ಲ. ಅರ್ಧಕ್ಕೆ ಕೊಯ್ದರೆ ದೋಣಿಯ ನೀರು ಮೊಗೆಯಲು ಆಗುತ್ತಿತ್ತು. ಬಾಯಿ ಅಗಲದ ಡಬ್ಬಗಳಿಗೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ. ಕಡಲ ಬದಿಯ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಉಪ್ಪು ನೀರೊಡೆದು ಹೋಗುತ್ತದೆ. ಈ ಡಬ್ಬದಲ್ಲಿ ಹಾಕಿ ಮುಚ್ಚಳ ತಿರುಪಿದರೆ ಹರಳು ಹರಳಾಗಿಯೇ ಇರುತ್ತಿತ್ತು. ಒಣಮೀನೂ ಮೆತ್ತಗಾಗುತ್ತಿರಲಿಲ್ಲ. ನನಗೊಂದು, ನಮ್ಮ ಅಕ್ಕನ ಮನೆಗೊಂದು ಎಂದು ಹೆಂಗಸರು ಮೊದಲೇ ಹೇಳಿಡುತ್ತಿದ್ದರು. ಮೂಡುಬಯಲಿನಲ್ಲೂ ಸುದ್ದಿ ಹರಡಿತು. ಅಕ್ಕಪಕ್ಕದ ಹೊಲದವರು ತಮ್ಮ ಖಾಲಿ ಕ್ಯಾನುಗಳನ್ನು ತಂದು ರತ್ನ ಅವರ ಬಾವಿಕಟ್ಟೆಯ ಬಳಿ ಹಾಕಿ ಹೋಗತೊಡಗಿದರು. ಅವರಿಗೂ ಮೀನು ಸಿಗುತ್ತಿತ್ತು.

ಒಂದು ದಿನ ಹೆದ್ದಾರಿ ಬದಿಯ ಮನೆಯವರು ಚಟ್ಲಿಗೆ ಮದ್ದಿನ ವಾಸನೆ ಹೊಡೆಯುತ್ತದೆಂದು ವಾಪಸು ಕೊಟ್ಟರು. ಚಟ್ಲಿ ಎಂದರೆ ಸಿಗಡಿ, ಆವತ್ತಿನ ಬುಟ್ಟಿಯಲ್ಲಿ ದುಬಾರಿ ಮಾಲು ಅದೊಂದೇ. ಅಕ್ಕುವಿಗೆ ಬೇಜಾರಾಯಿತು. ಮರುದಿನ ರತ್ನ ಅವರ ಅಂಗಳದಲ್ಲಿ ಬುಟ್ಟಿ ಇಳಿಸುತ್ತ, ಬೇರೆ ನಾಲ್ಕು ಮಾತಿನ ನಡುವೆ, ಒಂದು ಮಾತು ಹೇಳಿದರು. ಆ ಮಾತನ್ನು ಅವರು ಈಗಲೂ ಆವತ್ತು ಹೇಳಿದ ಧ್ವನಿಯಲ್ಲಿಯೇ ಹೇಳಿ ತೋರಿಸುತ್ತಾರೆ. “ರತ್ನಕ್ಕ, ಕ್ಯಾನ್ ವಾಸ್ನಿ ಬತ್ತ್. ಸಮ ತೊಳ್ದ್ ಕೊಡಿ.”

ರತ್ನ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಬಾಯಿ ಸಣ್ಣದಿದ್ದರೆ ಒಳಗೆ ಒಂದು ಹಿಡಿ ಮರಳನ್ನೂ ನೀರನ್ನೂ ಹಾಕಿ, ಅಂಗೈಯಿಂದ ಬಾಯಿ ಒತ್ತಿ ಹಿಡಿದು ಕುಲುಕುವುದು. ಬಾಯಿ ಅಗಲವಿದ್ದರೆ ತೆಂಗಿನ ನಾರಿಗೆ ಬೂದಿ ಮೆತ್ತಿ, ಮೊಣಕೈವರೆಗೆ ಕೈ ಇಳಿಸಿ ತಿಕ್ಕುವುದು. ಮೂರು ನೀರು. ಕೊನೆಗೆ ಮೂಗು ಹಾಕಿ ವಾಸನೆ ನೋಡುವುದು. ಹೋಗಿಲ್ಲದಿದ್ದರೆ ಮತ್ತೊಂದು ಸಲ. ತೊಳೆದ ನೀರು ಬಸಳೆ ಚಪ್ಪರದ ಬುಡಕ್ಕೆ ಹರಿಯುತ್ತಿತ್ತು. ಮನೆಯ ಗಂಡಸರ ಕೈ ಡಬ್ಬದೊಳಗೆ ಹಿಡಿಯುವುದಿಲ್ಲ, ಇದಕ್ಕೆ ತನ್ನ ಕೈಯೇ ಆಗಬೇಕು ಎಂದು ಅವರು ಹೆಮ್ಮೆಯಿಂದ ಹೇಳುತ್ತಿದ್ದರಂತೆ. ಕ್ಯಾನುಗಳನ್ನು ಬಾವಿಕಟ್ಟೆಯ ಮೇಲೆ ಬೋರಲು ಸಾಲಾಗಿಟ್ಟು ಅಕ್ಕುವನ್ನು ಕೆಣಕುತ್ತಿದ್ದರು: “ನಿಮ್ಮ ಬಂಗ್ಡೆಗಿಂತ ನನ್ನ ಕ್ಯಾನ್ ಚೊಕ್ಕ ಇತ್ತ್ ಕಾಣಿ.”

ಬಚ್ಚಂಗಾಯಿಯ ಸಮಯದಲ್ಲಿ ವಾರಕ್ಕೆ ಏಳೆಂಟು ಕ್ಯಾನು. ಹೀಗೆ ಹದಿನಾಲ್ಕು ವರ್ಷ.

ಮೊದಲು ಜ್ವರ ಬಂತು. ಬಂದು ಬಂದು ಹೋಗುತ್ತಿತ್ತು. ರಾತ್ರಿ ಬೆವತು ಬಟ್ಟೆ ಒದ್ದೆಯಾಗುತ್ತದೆ ಎನ್ನುತ್ತಿದ್ದರು. ಗದ್ದೆ ಕೆಲಸದ ಸುಸ್ತು ಎಂದು ಎಲ್ಲರೂ ತಿಳಿದರು. ಆಮೇಲೆ ಕುತ್ತಿಗೆಯ ಬದಿಯಲ್ಲಿ ಅಡಿಕೆ ಗಾತ್ರದ ಗಂಟು. ಕುಂದಾಪುರದ ಡಾಕ್ಟರು ನೋಡಿದ ಕೂಡಲೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಲು ಮತ್ತೆ ಮೂರು ವಾರ ಹಿಡಿಯಿತು.

ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಬ್ಬ ಹೆಂಗಸು ಬೇಕಿತ್ತು. ಮಗನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅಕ್ಕು ಮೀನಿನ ಬುಟ್ಟಿ ಕವುಚಿ ಹಾಕಿ ಹೊರಟರು. ಎರಡನೆಯ ಸಲ ಹೋದ ದಿನ, ರತ್ನ ಅವರ ಗಂಡ ಚಂದ್ರ ಚೀಟಿ ಮಾಡಿಸಲು ಕೆಳಗೆ ಹೋಗಿದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪ್ರಶ್ನೆಗಳನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದರು. ಊರು, ಕೆಲಸ, ಎಲೆ ಅಡಿಕೆ ಹಾಕುತ್ತೀರಾ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ. ಕೀಟನಾಶಕದ ಕೆಲಸ ಮಾಡಿದ್ದೀರಾ ಎಂದೂ ಕೇಳಿದರು.

“ಇಲ್ಲಮ್ಮ,” ಎಂದರು ರತ್ನ. “ಮದ್ದ್ ಬಿಡುದ್ ಗಂಡ್ಸ್ರ್. ನಾ ಬರೀ ಕ್ಯಾನ್ ತೊಳುದ್.”

ಡಾಕ್ಟರು ಪೆನ್ನು ನಿಲ್ಲಿಸಿ ತಲೆ ಎತ್ತಿದರು. ಗವಸು ಹಾಕಿಕೊಂಡು ತೊಳೆಯುತ್ತಿದ್ದಿರಾ, ಬರಿಗೈಯಲ್ಲಾ? ವಾರಕ್ಕೆ ಎಷ್ಟು? ಎಷ್ಟು ವರ್ಷ? ರತ್ನ ಹೇಳುತ್ತ ಹೋದರು, ಡಾಕ್ಟರು ಬರೆದುಕೊಂಡರು. ಇದರಿಂದಲೇ ರೋಗ ಬಂದದ್ದು ಎಂದು ಅವರು ಹೇಳಲಿಲ್ಲ. ಇನ್ನು ಮುಂದೆ ಮುಟ್ಟಬೇಡಿ ಎಂದರು, ಮುಂದಿನ ಪ್ರಶ್ನೆಗೆ ಹೋದರು.

ಈ ಮಾತು ಹೇಳುವಾಗ ಅಕ್ಕು ನೆಲ ನೋಡುತ್ತಾರೆ. “ನಾ ಅಲ್ಲೇ ಸ್ಟೂಲಿನ ಮೇಲ್ ಕೂಕಂಡಿದ್ದೆ. ಯಾರಿಗಾಯಿ ತೊಳುದ್ ಅಂತೇಳಿ ಡಾಕ್ಟ್ರ್ ಕೇಳ್ಲಿಲ್ಲ. ಕೇಳಿದ್ರೆ ರತ್ನಕ್ಕ ನನ್ನ ಬದಿ ಕೈ ತೋರ್ಸ್ತಿದ್ರ್. ನಗಾಡ್ಕಂಡೇ ತೋರ್ಸ್ತಿದ್ರ್, ಪಾಪ.”

ಚಂದ್ರ ಚೀಟಿ ಹಿಡಿದುಕೊಂಡು ಮೇಲೆ ಬರುವಷ್ಟರಲ್ಲಿ ಆ ಮಾತು ಮುಗಿದಿತ್ತು. ರತ್ನ ಅದನ್ನು ಮನೆಯಲ್ಲಿ ಹೇಳಿದಂತಿಲ್ಲ. ದೊಡ್ಡ ವಿಷಯವೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಅಕ್ಕುವಿನ ಹೆಗಲಿಗೆ ಒರಗಿ ನಿದ್ದೆ ಹೋದರು. ಬ್ರಹ್ಮಾವರದಿಂದ ತೆಕ್ಕಟ್ಟೆ ದಾಟುವವರೆಗೆ ಅಕ್ಕು ಅಲುಗಾಡದೆ ಕುಳಿತು, ಪಡುಗೇರಿಯ ಮೊದಲ ಮನೆಯಿಂದ ಎಣಿಸುತ್ತ ಬಂದರು. ಯಾರ ಮನೆಗೆ ಎಷ್ಟು ಕೊಟ್ಟೆ, ಯಾವ ಬಣ್ಣದ್ದು, ಯಾತಕ್ಕೆ. ಕಡಲಿಗೆ ಹೋದದ್ದನ್ನು ಬಿಟ್ಟು ಮನೆಯೊಳಗೆ ಹೋದದ್ದು ನಲವತ್ಮೂರು.

ಹದಿನಾಲ್ಕು ತಿಂಗಳು ಔಷಧ ನಡೆಯಿತು. ಕೊನೆ ಕೊನೆಗೆ ರತ್ನ ಅವರಿಗೆ ಮೀನಿನ ವಾಸನೆ ಆಗುತ್ತಿರಲಿಲ್ಲ. ಅಕ್ಕು ಬುಟ್ಟಿಯನ್ನು ಗೇಟಿನ ಹೊರಗೇ ಇಟ್ಟು, ಕೈಕಾಲು ತೊಳೆದು ಒಳಗೆ ಹೋಗಿ ಕೂರುತ್ತಿದ್ದರು. ಮಗ ವಿಶಾಲನ ಮದುವೆ ನೋಡಿಕೊಂಡು, ಆರು ವಾರ ಕಳೆದು ಅವರು ತೀರಿಕೊಂಡರು. ಐವತ್ತನಾಲ್ಕು ವರ್ಷ. ಈಗ ಎರಡು ವರ್ಷದ ಮೇಲಾಯಿತು.

ಮೂಡುಬಯಲಿಗೆ ಹನ್ನೊಂದು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿರುವ ಶ್ರೀಲತಾ ಈ ವಿಷಯದಲ್ಲಿ ಅಳೆದು ಮಾತನಾಡುತ್ತಾರೆ. ವರ್ಷಗಟ್ಟಲೆ ಕೀಟನಾಶಕದ ಜೊತೆ ಕೆಲಸ ಮಾಡಿದವರಲ್ಲಿ ಕೆಲವು ಬಗೆಯ ಕ್ಯಾನ್ಸರಿನ ಅಪಾಯ ಹೆಚ್ಚು ಎಂದು ತರಬೇತಿಯಲ್ಲಿ ಅವರಿಗೆ ಹೇಳಿದ್ದಾರೆ. ಆದರೆ ಒಬ್ಬರನ್ನು ತೋರಿಸಿ ಇವರಿಗೆ ಇದರಿಂದಲೇ ಬಂತು ಎನ್ನಲು ಯಾರಿಗೂ ಆಗುವುದಿಲ್ಲ. “ಹೌದ್ ಅಂತ ಹೇಳುಕೂ ಆತಿಲ್ಲೆ, ಅಲ್ಲ ಅಂತ ಹೇಳುಕೂ ಆತಿಲ್ಲೆ. ಅದ್ಕೇ ಎಲ್ಲರೂ ಸುಮ್ನಿಪ್ಪುದ್,” ಎನ್ನುತ್ತಾರೆ ಅವರು. ಮದ್ದು ಬಿಡುವಾಗ ಹೇಗಿರಬೇಕು ಎಂದು ಅವರು ಮನೆಮನೆಗೆ ಹೇಳಿದ್ದಾರೆ. ಹೇಳಿದ್ದೆಲ್ಲ ಗಂಡಸರಿಗೆ. ಕ್ಯಾನು ತೊಳೆಯುವವರಿಗೂ ಹೇಳಬೇಕು ಎಂಬುದು ಆಗ ತಮಗೂ ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ.

ಅಕ್ಕು ವಾಪಸು ಕೇಳಲು ಶುರುಮಾಡಿದ್ದು ತಮ್ಮ ಮನೆಯಿಂದ. ನಾಗ ಒಂದು ಮಾತೂ ಕೇಳದೆ ಬಲೆಯಿಂದ ಹದಿನಾಲ್ಕು ಬೆಂಡು ಕೊಯ್ದು ತೆಗೆದರು. ಬೇರೆ ಮನೆಗಳಲ್ಲಿ ಅಷ್ಟು ಸುಲಭವಾಗಲಿಲ್ಲ. ಕೊಟ್ಟದ್ದನ್ನು ವಾಪಸು ಕೇಳುವುದು ಈ ಕೇರಿಯಲ್ಲಿ ಮರ್ಯಾದೆಯ ಕೆಲಸವಲ್ಲ. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬರು, ಗುಜರಿ ವ್ಯಾಪಾರ ಶುರುಮಾಡಿದ್ದಾರೆ ಎಂದು ಸುದ್ದಿ ಎಬ್ಬಿಸಿದರು. ಅಕ್ಕು ಕುಂದಾಪುರದ ಶನಿವಾರದ ಸಂತೆಯಿಂದ ಮುಚ್ಚಳವಿರುವ ಡಬ್ಬಗಳನ್ನು ತಂದು, ಅದನ್ನು ಕೊಟ್ಟು ಇದನ್ನು ಕೇಳಿದರು. ಕಾರಣ ಕೇಳಿದವರಿಗೆ, ಅದು ವಿಷದ ಡಬ್ಬ, ನನಗೆ ಗೊತ್ತಿರಲಿಲ್ಲ ಎಂದಷ್ಟೇ ಹೇಳಿದರು. ರತ್ನ ಅವರ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ.

ಬಾಕಿ ಇರುವ ಆರರಲ್ಲಿ ಎರಡು, ಮುಂಬೈಗೆ ಹೋದ ಒಂದು ಕುಟುಂಬದ ಬೀಗ ಹಾಕಿದ ಮನೆಯೊಳಗಿವೆ. ಮೂರು ಎಲ್ಲಿ ಹೋದವು ಎಂದು ಅವರವರಿಗೇ ನೆನಪಿಲ್ಲ. ಆರನೆಯದು ಪಕ್ಕದ ಮನೆಯ ಸರೋಜ ಅವರ ಒಲೆಯ ಬದಿಯಲ್ಲಿದೆ, ಉಪ್ಪು ತುಂಬಿಕೊಂಡು. ಅಕ್ಕುವಿನ ಜೊತೆ ನಾವು ಹೋದಾಗ ಸರೋಜ ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಾರೆ. ಅಕ್ಕುವನ್ನು ಕಂಡ ಕೂಡಲೇ ಸೊಂಟಕ್ಕೆ ಕೈ ಕೊಡುತ್ತಾರೆ.

“ಹ್ವಾಯ್, ಬಂದ್ಯಾ? ಕೊಡುಕೂ ನೀನೆ, ಕಸ್ಕಂಬುಕೂ ನೀನೆ. ಹದಿನೈದ್ ವರ್ಷ ಆ ಉಪ್ಪ್ ತಿಂದಿದೆ. ಸಾಯುದಾರೆ ನಿನ್ನ ಹೆಸ್ರ್ ಹೇಳಿಯೇ ಸಾಯ್ತೆ, ಹೆದ್ರಬೇಡ.”

ಸುತ್ತ ಇದ್ದವರು ನಗುತ್ತಾರೆ. ಅಕ್ಕುವೂ ನಗಲು ನೋಡುತ್ತಾರೆ, ಆಗುವುದಿಲ್ಲ. ಹೊಸ ಡಬ್ಬವನ್ನು ಜಗಲಿಯ ಮೇಲಿಟ್ಟು ಹೊರಡುತ್ತಾರೆ. ಇದು ಸರೋಜ ಅವರ ಜಗಲಿಗೆ ಅವರಿಟ್ಟ ಮೂರನೆಯ ಡಬ್ಬ. ಹಿಂದಿನ ಎರಡರಲ್ಲಿ ಸರೋಜ ಮೆಣಸೂ ಹುಳಿಯೂ ತುಂಬಿದ್ದಾರೆ.

ಹಳೆಯದನ್ನು ವಾಪಸು ಪಡೆದರೆ ಸಾಲದು, ಹೊಸದು ಬರುತ್ತಲೇ ಇದೆ. ಅದಕ್ಕೆ ಅಕ್ಕು ಮೂಡುಬಯಲಿನ ಇಪ್ಪತ್ತೆರಡು ಮನೆಗಳಿಂದ ಖಾಲಿ ಕ್ಯಾನು ತರುವುದನ್ನು ನಿಲ್ಲಿಸಿಲ್ಲ. ತಾನು ತರದಿದ್ದರೆ ಬೇರೆಯವರ ಕೈಗೆ ಹೋಗಿ, ಯಾರದೋ ಅಡುಗೆ ಮನೆ ಸೇರುತ್ತದೆ ಎಂಬುದು ಅವರ ಲೆಕ್ಕ. ಈಗ ಮೀನಿನ ಬುಟ್ಟಿಗೆ ಹಾಕುವುದಿಲ್ಲ. ಬೇರೆ ಗೋಣಿಯಲ್ಲಿ ತರುತ್ತಾರೆ. ಎರಡು ಬಂಗಡೆ ಮಾತ್ರ ಹಾಗೆಯೇ ನಡೆದುಬಂದಿದೆ. ಶೆಡ್ಡಿನಲ್ಲಿ ತೂತು ಬಿದ್ದ ಕ್ಯಾನುಗಳು ಆರುನೂರರ ಮೇಲಿವೆ. ಕಸದ ಗಾಡಿಯವರು ಇದನ್ನು ಮುಟ್ಟುವುದಿಲ್ಲ. ಮಾರಿದ ಅಂಗಡಿಯವರು ವಾಪಸು ತಗೊಳ್ಳುವುದಿಲ್ಲ. ಸುಡಬಾರದು ಎಂದು ಶ್ರೀಲತಾ ಹೇಳಿದ್ದಾರೆ. ಹೂಳೋಣವೆಂದರೆ ಪಡುಗೇರಿಯಲ್ಲಿ ಎಲ್ಲಿ ಮೂರು ಅಡಿ ತೋಡಿದರೂ ನೀರು.

ಮೂಡುಬಯಲಿನ ಬೇರೆ ಮನೆಗಳಿಗೆಲ್ಲ, ತೊಳೆಯಬೇಡಿ, ಹಾಗೇ ಕೊಡಿ ಎಂದು ಅಕ್ಕು ಹೇಳಿಯಾಗಿದೆ. ಕೆಲಸ ಕಡಿಮೆಯಾಯಿತೆಂದು ಅವರು ಸಂತೋಷದಿಂದ ಒಪ್ಪಿದ್ದಾರೆ. ಹೇಳಲಾಗದೆ ಉಳಿದದ್ದು ರತ್ನ ಅವರ ಮನೆಯೊಂದರಲ್ಲಿ.

ಆ ಮನೆಯ ಸೊಸೆ ನವ್ಯಾ ತಲ್ಲೂರಿನವಳು, ಇಪ್ಪತ್ತಾರು ವರ್ಷ. ಅತ್ತೆಯ ಜೊತೆ ಬಾಳಿದ್ದು ಆರೇ ವಾರ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಮಲಗಿದಲ್ಲಿಂದಲೇ ಮನೆಯ ಒಂದೊಂದು ಕೆಲಸವನ್ನೂ ಹೇಳಿಕೊಟ್ಟರಂತೆ. ದನಕ್ಕೆ ಎಷ್ಟು ಹಿಂಡಿ, ಯಾರಿಗೆ ಮಜ್ಜಿಗೆ ಕೊಡಬೇಕು, ಯಾರಿಗೆ ಬಚ್ಚಂಗಾಯಿ. ಅದರ ನಡುವೆ ಇದೂ ಒಂದು. ಅಕ್ಕುವಿಗೆ ಕ್ಯಾನು ಕೊಡುವಾಗ ಚೊಕ್ಕ ತೊಳೆದು ಕೊಡಬೇಕು, ಅವರು ಬೇಸರ ಮಾಡಿಕೊಳ್ಳಬಾರದು. ಡಾಕ್ಟರು ತಮಗೆ ಮುಟ್ಟಬೇಡಿ ಎಂದದ್ದನ್ನು ರತ್ನ, ಕಾಯಿಲೆಯವರು ಮುಟ್ಟಬಾರದು ಎಂದು ತಿಳಿದಿರಬೇಕು. ಮೊದಮೊದಲು ನವ್ಯಾಳಿಗೆ ಕ್ಯಾನು ತೊಳೆಯುವ ಕೆಲಸ ಬಂದಿರಲಿಲ್ಲ. ಕಳೆದ ಮಾರ್ಚಿನಲ್ಲಿ ಒಂದು ದಿನ ಅಕ್ಕು ಅಂಗಳಕ್ಕೆ ಬಂದಾಗ ಬಾವಿಕಟ್ಟೆಯ ಮೇಲೆ ಐದು ಕ್ಯಾನು ಬೋರಲಾಗಿ ಸಾಲಾಗಿದ್ದವು. ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು ನವ್ಯಾ ಆರನೆಯದನ್ನು ತಿಕ್ಕುತ್ತಿದ್ದಳು. ಅತ್ತೆ ಹೇಳಿದ್ದನ್ನು ಮರೆತಿಲ್ಲ ನೋಡಿ ಎಂಬಂತೆ ಅವಳು ನಕ್ಕಳು.

ಅಕ್ಕು ಐದನ್ನೂ ಗೋಣಿಗೆ ಹಾಕಿಕೊಂಡು ಹತ್ತು ಬಂಗಡೆ ಎಣಿಸಿಕೊಟ್ಟು ಬಂದರು. ಆಮೇಲೆ ಪ್ರತಿ ವಾರ ಹೇಳಬೇಕೆಂದೇ ಹೋಗುತ್ತಾರೆ. ಗವಸಿನ ಒಂದು ಜೊತೆ ತೆಗೆದುಕೊಂಡು ಹೋಗಿ, ಕೊಡದೆ ವಾಪಸು ತಂದದ್ದೂ ಇದೆ. ಕೊಟ್ಟರೆ ಯಾಕೆ ಎಂದು ಮನೆಯವರು ಕೇಳುತ್ತಾರೆ. ಬೇರೆ ಮನೆಯಲ್ಲಿ ಹೇಳಿದ ಹಾಗೆ ವಿಷ ಎಂದರೆ, ಅತ್ತೆಗೂ ಅದರಿಂದಲೇ ಆಯಿತೇ ಎಂದು ಕೇಳುತ್ತಾರೆ. ಅತ್ತೆಗೆ ತೊಳೆಯಲು ಹೇಳಿದ್ದು ಯಾರು ಎಂದು ಅವರು ಕೇಳದಿದ್ದರೂ ಅಕ್ಕು ಹೇಳಬೇಕಾಗುತ್ತದೆ.

“ಅವ್ರ ಮನೆ ಅನ್ನ ತಿಂದಿದೆ ನಾ. ಮಗಳ ಬಾಣಂತನಕ್ಕೆ ರತ್ನಕ್ಕ ತುಪ್ಪ ಕಳ್ಸಿದ್ರ್,” ಎನ್ನುತ್ತಾರೆ ಅಕ್ಕು, ಹೆದ್ದಾರಿಯ ಬದಿಯ ನೆರಳಿನಲ್ಲಿ ಬುಟ್ಟಿ ಇಳಿಸಿ ಕುಳಿತು. “ಇನ್ನ್ ನಮ್ಮ ಬಾಗ್ಲಿಗ್ ಬಪ್ಪುದ್ ಬೇಡ ಅಂದ್ರೆ? ಅನ್ಲಿ, ಅದ್ ಸಮವೇ. ಚಂದ್ರಣ್ಣನ ಮೋರೆ ಕಾಂಬುಕೆ ನಂಗ್ ಧೈರ್ಯ ಇಲ್ಲೆ. ಅಷ್ಟ್ ಹೊತ್ತಿಗೆ ಆ ಹೆಣ್ಣ ಕೈ ಮತ್ತೊಂದ್ ಕ್ಯಾನಿನ ಒಳ್ಗ್ ಇರ್ತ್.”

ಚಂದ್ರ ಅರವತ್ತರ ಹತ್ತಿರದವರು, ಮಿತಭಾಷಿ. ಮದ್ದು ಬಿಡುವುದು ಅವರಿಗೂ ಖುಷಿಯ ಕೆಲಸವಲ್ಲ. ಬಿಡದಿದ್ದರೆ ನೊಣ ಕೂತು ಕಾಯಿ ಒಳಗೇ ಕೊಳೆಯುತ್ತದೆ, ಕಲೆ ಇದ್ದ ಕಾಯಿಯನ್ನು ವ್ಯಾಪಾರಿ ಲಾರಿಗೆ ಏರಿಸುವುದಿಲ್ಲ. ಯಾವ ಮದ್ದು, ಎಷ್ಟು ನೀರಿಗೆ ಎಷ್ಟು ಎಂಬುದನ್ನು ಅಂಗಡಿಯವರು ಬಾಯಲ್ಲಿ ಹೇಳಿದಂತೆ ಮಾಡುತ್ತಾರೆ. ಮುಖಕ್ಕೆ ಬೈರಾಸು ಸುತ್ತಿಕೊಳ್ಳುತ್ತಾರೆ. ಕಡಲ ಗಾಳಿ ಏಳುವ ಮೊದಲು ಮುಗಿಸಬೇಕೆಂದು ಗಡಿಬಿಡಿ. ಮದ್ದಿನ ದಿನ ಹೆಂಡತಿಯನ್ನು ಅವರು ಯಾವತ್ತೂ ಹೊಲಕ್ಕೆ ಬರಲು ಬಿಟ್ಟವರಲ್ಲ, ಆವತ್ತು ಹೆಂಗಸರು ಮನೆ ಬದಿಗೇ ಇರಬೇಕು ಎಂಬುದು ಅವರ ಕಟ್ಟುನಿಟ್ಟು. ರತ್ನ ಮನೆಯ ಬದಿಯಲ್ಲಿಯೇ ಇದ್ದರು, ಬಾವಿಕಟ್ಟೆಯಲ್ಲಿ.

ಜನವರಿಯ ಎರಡನೆಯ ಶನಿವಾರ. ಎಂಟೂಕಾಲರ ಹೊತ್ತಿಗೆ ಅಕ್ಕು ಆ ಅಂಗಳಕ್ಕೆ ಕಾಲಿಡುತ್ತಾರೆ. ಬಚ್ಚಂಗಾಯಿಯ ಬಳ್ಳಿಯಲ್ಲಿ ಮಿಡಿ ಕಟ್ಟುವ ಸಮಯ. ಚಂದ್ರ ಒಂದು ಸುತ್ತು ಮದ್ದು ಬಿಟ್ಟು ಬಂದು, ಎರಡನೆಯದಕ್ಕೆ ಪಂಪು ತುಂಬಿಸಿದ್ದಾರೆ. ಬಾವಿಕಟ್ಟೆಯ ಬಳಿ ನವ್ಯಾ ಕುಕ್ಕರಗಾಲಿನಲ್ಲಿ ಕುಳಿತಿದ್ದಾಳೆ. ಇವತ್ತು ಎಂತ ಮೀನು ಎಂದು ಅವಳೇ ಮೊದಲು ಕೇಳುತ್ತಾಳೆ. ಬೈಗೆ ಎಂದು ಅಕ್ಕು ಹೇಳಿದ್ದೇ ತಡ, ಚಂದ್ರ, ಹೋದ ವಾರದ ಬೈಗೆ ಬೆರಳಿನಷ್ಟೂ ಇರಲಿಲ್ಲ, ಅಕ್ಕುವಿಗೆ ಈಗ ಕಣ್ಣು ಕಾಣುವುದಿಲ್ಲ ಎಂದು ತಮಾಷೆ ಮಾಡುತ್ತಾರೆ. ಎಂದೂ ಹೆಚ್ಚು ಮಾತಾಡದ ಅವರು ಇವತ್ತು ಹಗುರವಾಗಿದ್ದಾರೆ. ನವ್ಯಾಳಿಗೆ ನಾಲ್ಕು ತಿಂಗಳು ಎಂದು ಅವರೇ ಹೇಳುತ್ತಾರೆ. ಹೋದ ವಾರ ಡಾಕ್ಟರ ಬಳಿ ಹೋಗಿ ಬಂದದ್ದಂತೆ. ಅಕ್ಕುವಿಗೆ ಹೇಳಬೇಕು ಎಂದು ಮಗ ಹೇಳಿ ಹೋಗಿದ್ದಾನಂತೆ.

ಅಕ್ಕು ಬುಟ್ಟಿಯ ಮೇಲಿನ ಎಲೆ ತೆಗೆಯಲು ಬಾಗಿದವರು ಹಾಗೆಯೇ ನಿಲ್ಲುತ್ತಾರೆ. ನವ್ಯಾಳ ಬಲಗೈ ಮೊಣಕೈವರೆಗೆ ಒಂದು ಬಿಳಿ ಡಬ್ಬದೊಳಗಿದೆ. ನಾರು ಉಜ್ಜುವ ಸದ್ದು ಅಂಗಳಕ್ಕೆ ಕೇಳುತ್ತದೆ.

“ಚಂದ್ರಣ್ಣ, ಆವತ್ತ್ ಆಸ್ಪತ್ರೆಲಿ ನೀವ್ ಚೀಟಿ ಮಾಡ್ಸುಕೆ ಕೆಳ್ಗ್ ಹೋಯಿದ್ರಿ,” ಎಂದು ಅಕ್ಕು ಶುರುಮಾಡುತ್ತಾರೆ.

ಡಾಕ್ಟರು ಕೇಳಿದ್ದನ್ನು, ರತ್ನ ಹೇಳಿದ್ದನ್ನು, ಡಾಕ್ಟರು ಬರೆದುಕೊಂಡದ್ದನ್ನು ಅವರು ಒಂದೂ ಬಿಡದೆ ಹೇಳುತ್ತಾರೆ. ಇದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ ಎಂಬುದನ್ನೂ ಹೇಳುತ್ತಾರೆ. ಧ್ವನಿ ಏರುವುದಿಲ್ಲ. ಮೀನಿನ ದರ ಹೇಳುವಷ್ಟೇ ಮೆಲ್ಲಗೆ ಹೇಳುತ್ತಾರೆ. ಕೊನೆಗೆ, “ವಾಸ್ನಿ ಬತ್ತ್, ಸಮ ತೊಳ್ದ್ ಕೊಡಿ ಅಂತೇಳಿ ರತ್ನಕ್ಕನ ಹತ್ರ ಹೇಳಿದ್ದ್ ನಾನ್. ಅವ್ರಾಗೇ ತೊಳ್ದದ್ದಲ್ಲ.”

ನಾರು ಉಜ್ಜುವ ಸದ್ದು ನಿಂತಿದೆ. ಪಂಪಿನ ಒಂದು ಪಟ್ಟಿ ಚಂದ್ರ ಅವರ ಹೆಗಲ ಮೇಲಿದೆ, ಇನ್ನೊಂದು ಜೋತಾಡುತ್ತಿದೆ. ಅವರು ಅಕ್ಕುವನ್ನು ನೋಡುವುದಿಲ್ಲ, ಬಾವಿಕಟ್ಟೆಯ ಕಡೆಗೂ ನೋಡುವುದಿಲ್ಲ. ನವ್ಯಾ ಮಾವನ ಮುಖ ನೋಡುತ್ತಾಳೆ. ಅವಳ ಕೈ ಇನ್ನೂ ಡಬ್ಬದೊಳಗೇ ಇದೆ. ತೆಗೆಯಬೇಕೋ ಬೇಡವೋ ಎಂದು ಅವಳಿಗೆ ತಿಳಿದಂತಿಲ್ಲ.

“ನವ್ಯಾ, ತೊಳುದ್ ಬೇಡ ಮಗಾ,” ಎನ್ನುತ್ತಾರೆ ಅಕ್ಕು. “ಹಾಂಗೇ ಕೊಡಿ.”

ಹಟ್ಟಿಯಲ್ಲಿ ದನ ಒಮ್ಮೆ ಕೊರಳು ಕೊಡವುತ್ತದೆ. ಅಕ್ಕು ಈ ಸಲ ಚಂದ್ರ ಅವರ ಕಡೆ ತಿರುಗಿ, ಮತ್ತೊಮ್ಮೆ ಹೇಳುತ್ತಾರೆ.

“ಹಾಂಗೇ ಕೊಡಿ, ಚಂದ್ರಣ್ಣ.”